ಯಾವ ಹಿನ್ನೆಲೆ, ಯಾವ ವಿಷಯ: ಪಿಎಚ್.ಡಿ. ಕುರಿತು ಓದುಗರ ಪ್ರಶ್ನೆಗಳು

ಈ ಬಾರಿ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಸ್ನಾತಕೋತ್ತರ ಪದವಿ ಮುಗಿಸಿ ಸಂಶೋಧನೆಗೆ ಹೊರಟವರವು, ಇಲ್ಲವೇ ಅವರ ಮನೆಯವರವು. ಮೈಸೂರು ಮತ್ತು ಮಂಡ್ಯ ಜಿಲ್ಲೆಗಳಿಂದ ಬಂದ ಕೆಲವನ್ನು ಆರಿಸಿಕೊಂಡಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ಮಾನ್ಯರೇ, ನಾನು ಮದ್ದೂರು ತಾಲ್ಲೂಕಿನ ಹಳ್ಳಿಯವಳು. ನಮ್ಮ ಮನೆಯಲ್ಲಿ ಪದವಿ ಪಡೆದ ಮೊದಲಿಗಳು. ಮೈಸೂರಿನಲ್ಲಿ ಸಮಾಜಶಾಸ್ತ್ರದ ಎಂ.ಎ. ಮುಗಿಸಿದ್ದೇನೆ. ನಮ್ಮ ಊರಿನ ಆಲೆಮನೆಗಳ ಬಗ್ಗೆ ಸಂಶೋಧನೆ ಮಾಡಬೇಕೆಂಬ ಆಸೆಯಿದೆ. ಸ್ವಂತ ಊರಿನ ಮೇಲೆ ಮಾಡುವುದು ಸಂಶೋಧನೆ ಎನಿಸಿಕೊಳ್ಳುವುದಿಲ್ಲ, ದೊಡ್ಡ ವಿಷಯ ಹುಡುಕು ಎಂದು ಗೆಳತಿಯರು ಹೇಳುತ್ತಾರೆ. ನಮ್ಮ ತಂದೆಗೂ ಸ್ವಲ್ಪ ಕಬ್ಬಿನ ಗದ್ದೆಯಿದೆ. ಏನು ಮಾಡಲಿ?

ಉತ್ತರ: ನಿಮ್ಮ ಗೆಳತಿಯರ ಮಾತನ್ನು ನಾನು ಒಪ್ಪುವುದಿಲ್ಲ, ಒಪ್ಪದಿರಲು ಕಾರಣ ನಿಮ್ಮ ಜಿಲ್ಲೆಯಲ್ಲಿಯೇ ಇದೆ. ಕನ್ನಂಬಾಡಿಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂದು, 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಹುಟ್ಟಿದ ಮೇಲೆ ಸುತ್ತಲಿನ ಹಳ್ಳಿಗಳ ಬದುಕು ಹೇಗೆ ಬದಲಾಯಿತು ಎಂಬುದನ್ನು ತಿಳಿಯಲು 1954ರಲ್ಲಿ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಸಂಶೋಧನಾ ವಿದ್ಯಾರ್ಥಿನಿ ಮಂಡ್ಯಕ್ಕೆ ಬಂದರು. ವಿಯೆನ್ನಾದ ಯಹೂದಿ ಕುಟುಂಬದಲ್ಲಿ ಹುಟ್ಟಿ, ನಾಜಿಗಳಿಂದ ತಪ್ಪಿಸಿಕೊಂಡು ನಿರಾಶ್ರಿತರಾಗಿ ಇಂಗ್ಲೆಂಡ್ ಸೇರಿ, ಅರ್ಥಶಾಸ್ತ್ರ ಓದಿದ್ದ ಅವರು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಮಾನವಶಾಸ್ತ್ರ ವಿಭಾಗದಿಂದ ಡಾಕ್ಟರೇಟ್ ಪಡೆಯಲು ಆರಿಸಿಕೊಂಡದ್ದು ಇಲ್ಲಿನ ಎರಡು ಹಳ್ಳಿಗಳನ್ನು. ಒಂದಕ್ಕೆ ನಾಲೆಯ ನೀರು ಬಂದಿತ್ತು. ಇನ್ನೊಂದು ನಾಲೆಗಿಂತ ಎತ್ತರದಲ್ಲಿದ್ದುದರಿಂದ ಖುಷ್ಕಿಯಾಗಿಯೇ ಉಳಿದಿತ್ತು. ಊರಿನವರ ಗುರುತು ಬಯಲಾಗದಿರಲೆಂದು ನೀರಾವರಿಯ ಊರಿಗೆ ವಂಗಲ, ಖುಷ್ಕಿಯ ಊರಿಗೆ ದಲೇನ ಎಂಬ ಹೆಸರುಗಳನ್ನು ಅವರೇ ಕೊಟ್ಟರು.

ನೀರು ಬಂದ ಊರೇ ಹೆಚ್ಚು ಬದಲಾಗಿರಬೇಕು ಎಂದು ಯಾರಾದರೂ ಊಹಿಸಬಹುದು. ಅವರಿಗೆ ಕಂಡದ್ದು ಇದಕ್ಕೆ ವಿರುದ್ಧವಾಗಿತ್ತು. ವಂಗಲದಲ್ಲಿ ಕಬ್ಬಿನಿಂದ ಹಣ ಬಂದರೂ ಬೇಸಾಯವೇ ಮುಂದುವರಿದ ಕಾರಣ ಒಡೆಯ ಮತ್ತು ಆಳಿನ ನಡುವೆ ತಲೆಮಾರುಗಳಿಂದ ಬಂದ ಸಂಬಂಧಗಳು ಬಹುಮಟ್ಟಿಗೆ ಹಾಗೆಯೇ ಉಳಿದವು. ದಲೇನದವರು ಮಾತ್ರ ಮಂಡ್ಯ ಪೇಟೆಯ ಕೆಲಸ, ವ್ಯಾಪಾರ, ಬೇರೆ ಊರಿನ ಜಮೀನು ಎಂದು ಹೊರಗೆ ಹೋಗಬೇಕಾಗಿ ಬಂದದ್ದರಿಂದ ಅಲ್ಲಿನ ಹಳೆಯ ಕಟ್ಟುಗಳು ಸಡಿಲವಾದವು. 1962ರಲ್ಲಿ ಪುಸ್ತಕವಾಗಿ ಬಂದ ಈ ಅಧ್ಯಯನವನ್ನು ಹೊರದೇಶಗಳ ವಿಶ್ವವಿದ್ಯಾಲಯಗಳಲ್ಲಿಯೂ ಓದುತ್ತಾ ಬಂದಿದ್ದಾರೆ. ಇದರಲ್ಲಿ ನೀವು ಗಮನಿಸಬೇಕಾದದ್ದು ಅವರ ಹಿನ್ನೆಲೆಯನ್ನು. ಹಣ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬ ಅರ್ಥಶಾಸ್ತ್ರದ ಪ್ರಶ್ನೆಯನ್ನು ಅವರು ಬಿಡಲಿಲ್ಲ, ಉತ್ತರಕ್ಕಾಗಿ ಮಾತ್ರ ಹಳ್ಳಿಯಲ್ಲಿ ವಾಸ ಮಾಡುವ ಮಾನವಶಾಸ್ತ್ರದ ವಿಧಾನವನ್ನು ಹಿಡಿದರು.

ನಿಮ್ಮ ಹಿನ್ನೆಲೆ ಬೇರೆ. ಪಾಕದ ಹದ ಯಾವುದು, ಗಾಣಕ್ಕೆ ಕಬ್ಬು ಹೊತ್ತವರಿಗೂ ಕೊಪ್ಪರಿಗೆಯ ಮುಂದೆ ನಿಂತವರಿಗೂ ಕೂಲಿಯಲ್ಲಿ ಏನು ವ್ಯತ್ಯಾಸ, ಅಚ್ಚು ಬೆಲ್ಲ ಮಾಡುವ ಆಲೆಮನೆ ಯಾವಾಗ ಉಂಡೆ ಬೆಲ್ಲಕ್ಕೆ ತಿರುಗುತ್ತದೆ ಎಂಬುದು ನಿಮಗೆ ಕೇಳದೆಯೇ ತಿಳಿದಿರುತ್ತದೆ. ಇದು ದೊಡ್ಡ ಬಂಡವಾಳ. ಆದರೆ ಇದರಲ್ಲಿಯೇ ಒಂದು ಕಷ್ಟವೂ ಇದೆ: ಹೊರಗಿನವರಿಗೆ ಬಿಡಿಸಿ ಹೇಳುವುದನ್ನು ಊರಿನವರು ನಿಮಗೆ ಹೇಳುವುದಿಲ್ಲ, ಇವಳಿಗೆ ಗೊತ್ತಿರುತ್ತದೆ ಎಂದು ಬಿಟ್ಟುಬಿಡುತ್ತಾರೆ, ನಿಮ್ಮ ಜಾತಿ, ನಿಮ್ಮ ಮನೆಯ ಮಾನ, ನಿಮ್ಮ ತಂದೆಯ ಸಾಲ ಎಲ್ಲವೂ ಅವರ ಮನಸ್ಸಿನಲ್ಲಿರುತ್ತವೆ. ಆದ್ದರಿಂದ ನಿಮ್ಮ ಊರಿನ ಜೊತೆಗೆ ನಿಮಗೆ ನಂಟರಿಲ್ಲದ ಇನ್ನೊಂದು ಊರನ್ನೂ ಇಟ್ಟುಕೊಳ್ಳಿ. ತಂದೆಯ ಕಬ್ಬಿನ ವಿಚಾರವನ್ನು ಪ್ರಬಂಧದ ಮೊದಲ ಅಧ್ಯಾಯದಲ್ಲಿಯೇ ಬರೆದುಬಿಡಿ, ಅದನ್ನು ಮುಚ್ಚಿಡಬೇಕಾಗಿಲ್ಲ.

‘ಆಲೆಮನೆಗಳು’ ಎಂಬುದು ಇನ್ನೂ ವಿಷಯವಾಗಿಲ್ಲ, ಅದೊಂದು ಕ್ಷೇತ್ರ ಅಷ್ಟೆ. ಕಾರ್ಖಾನೆ ಇದ್ದೂ ರೈತ ಕಬ್ಬನ್ನು ಆಲೆಮನೆಗೆ ಕೊಡುವುದು ಯಾವ ಒತ್ತಡದಲ್ಲಿ, ಕಟಾವಿನ ಸರದಿಗಾಗಿಯೋ ಕೈಗೆ ತಕ್ಷಣ ಸಿಗುವ ಹಣಕ್ಕಾಗಿಯೋ ಎಂಬುದು ಒಂದು ಪ್ರಶ್ನೆ. ಉತ್ತರ ಭಾರತದಿಂದ ಬಂದ ಕೆಲಸಗಾರರು ಆಲೆಮನೆಗಳಲ್ಲಿ ನಿಂತ ಮೇಲೆ ಊರಿನ ಹಳೆಯ ಕೆಲಸಗಾರರು ಎಲ್ಲಿಗೆ ಹೋದರು ಎಂಬುದು ಇನ್ನೊಂದು. ನನ್ನನ್ನು ಕೇಳಿದರೆ ಎರಡನೆಯದನ್ನು ಆರಿಸಿ ಎನ್ನುತ್ತೇನೆ, ಏಕೆಂದರೆ ಊರು ಬಿಟ್ಟವರ ಮನೆಬಾಗಿಲಿಗೆ ಹೋಗಿ ಮಾತನಾಡಿಸುವುದು ನಿಮಗೆ ಸಾಧ್ಯವಾಗುವಷ್ಟು ಬೇರೆಯವರಿಗೆ ಸಾಧ್ಯವಿಲ್ಲ.

ಇನ್ನೊಂದು ಮಾತು. ಮೈಸೂರಿನಲ್ಲಿ ಹುಟ್ಟಿ ಮಹಾರಾಜ ಕಾಲೇಜಿನಲ್ಲಿ ಓದಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿದ್ದು ಮಾಡಿಕೊಂಡಿದ್ದ ಟಿಪ್ಪಣಿಗಳನ್ನು ವರ್ಷಗಟ್ಟಲೆ ಕೂತು ಸಂಸ್ಕರಿಸಿದ್ದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಕೇಂದ್ರಕ್ಕೆ ಬೆಂಕಿ ಬಿದ್ದು ಅವುಗಳ ಪ್ರತಿಗಳೆಲ್ಲ ಸುಟ್ಟುಹೋದವು. ಅವರು ನೆನಪಿನಿಂದಲೇ ಆ ಹಳ್ಳಿಯ ಕುರಿತು ಬರೆದು 1976ರಲ್ಲಿ ಪ್ರಕಟಿಸಿದರು. ಅಂಥ ನೆನಪು ಎಲ್ಲರಿಗೂ ಇರುವುದಿಲ್ಲ. ನಿಮ್ಮ ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನು ಅಂದಂದೇ ನಕಲು ಮಾಡಿ ಎರಡು ಬೇರೆ ಕಡೆ ಇಡಿ.

ಪ್ರಶ್ನೆ: ನಾನು ಪಾಂಡವಪುರದ ಪ್ರೌಢಶಾಲಾ ಶಿಕ್ಷಕ, ವಯಸ್ಸು ನಲವತ್ತು ದಾಟಿದೆ. ಕೆಲಸದಲ್ಲಿದ್ದುಕೊಂಡೇ ಪಿಎಚ್.ಡಿ. ಮಾಡಬಹುದೇ? ದೂರಶಿಕ್ಷಣದಲ್ಲಿ ಮಾಡಿಸಿಕೊಡುತ್ತೇವೆ ಎಂದು ಒಬ್ಬರು ಹೇಳುತ್ತಿದ್ದಾರೆ.

ಉತ್ತರ: ಕೆಲಸದಲ್ಲಿದ್ದು ಮಾಡಬಹುದು. ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಪಿಎಚ್.ಡಿ. ನೀಡಲು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮಗಳು ಅವಕಾಶ ಕೊಡುವುದಿಲ್ಲ. ಹಾಗೆ ಹೇಳಿದವರ ಕಡೆ ಮತ್ತೆ ತಿರುಗಿ ನೋಡಬೇಡಿ. ಆಯೋಗದ 2022ರ ನಿಯಮಗಳಲ್ಲಿ ಅರೆಕಾಲಿಕ ಪಿಎಚ್.ಡಿ.ಗೆ ಅವಕಾಶವಿದೆ. ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ ಇರಬೇಕು, ಮೀಸಲಾತಿಗೆ ಒಳಪಟ್ಟವರಿಗೆ ಶೇ 5ರ ವಿನಾಯಿತಿ ಉಂಟು. ಸಂಶೋಧನೆಗೆ ಸಾಕಷ್ಟು ಸಮಯ ಸಿಗುತ್ತದೆ, ಬೇಕಾದರೆ ಕೋರ್ಸ್‌ವರ್ಕ್‌ಗೆ, ಅಂದರೆ ಪಿಎಚ್.ಡಿ.ಯ ಭಾಗವಾದ ತರಗತಿಗಳಿಗೆ, ಬಿಡುಗಡೆ ಮಾಡುತ್ತೇವೆ ಎಂದು ನಿಮ್ಮ ಇಲಾಖೆಯು ನಿರಾಕ್ಷೇಪಣಾ ಪತ್ರ ಕೊಡಬೇಕು. ಈ ಪತ್ರಕ್ಕಾಗಿ ಓಡಾಡುವುದೇ ಹಲವರಿಗೆ ಕಷ್ಟವಾಗುತ್ತದೆ, ಆದ್ದರಿಂದ ಅರ್ಜಿ ಹಾಕುವ ಮೊದಲೇ ಅದನ್ನು ಆರಂಭಿಸಿ.

ವಿಷಯದ ಬಗ್ಗೆ ನೀವು ಕೇಳಿಲ್ಲ; ಕೇಳಬೇಕಿತ್ತು. ಇಷ್ಟು ವರ್ಷ ತರಗತಿಯಲ್ಲಿ ನಿಂತವರಿಗೆ ಮಕ್ಕಳು ಎಲ್ಲಿ ತಡವರಿಸುತ್ತಾರೆ ಎಂಬುದು ಚೆನ್ನಾಗಿ ಗೊತ್ತಿರುತ್ತದೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಶಿಕ್ಷಣಶಾಸ್ತ್ರದ ಸಂಶೋಧನೆ ನಡೆಯುತ್ತದೆ. ಅಲ್ಲಿಗೆ ಒಮ್ಮೆ ಹೋಗಿ ಬನ್ನಿ.

ಪ್ರಶ್ನೆ: ನಾನು ಮೈಸೂರಿನವನು, ಜೀವರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಆಗಿದೆ. ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ (ನೆಟ್) ಕಿರಿಯ ಸಂಶೋಧನಾ ಫೆಲೋಶಿಪ್ (ಜೆಆರ್‌ಎಫ್) ಬಂದಿದೆ. ಕ್ಯಾನ್ಸರ್ ಔಷಧಗಳ ಮೇಲೆ ಕೆಲಸ ಮಾಡುವ ಆಸೆ. ಆದರೆ ಜಾಗ ಇರುವುದು ರಾಗಿಯ ಮೇಲೆ ಕೆಲಸ ಮಾಡುವ ಗೈಡ್ ಬಳಿ ಮಾತ್ರ. ನಮ್ಮ ಅಜ್ಜಿ ದಿನವೂ ಮುದ್ದೆ ತಿರುವುವ ರಾಗಿಯ ಮೇಲೆ ಐದು ವರ್ಷ ಕಳೆಯಬೇಕೇ ಸರ್?

ಉತ್ತರ: ಸಮಾಜಶಾಸ್ತ್ರದ ಆ ಓದುಗರಿಗೂ ನಿಮಗೂ ಒಂದು ಮುಖ್ಯ ವ್ಯತ್ಯಾಸವಿದೆ. ಮಾನವಿಕ ವಿಷಯಗಳಲ್ಲಿ ಸಂಶೋಧನೆಯ ವಿಷಯವನ್ನು ಹೆಚ್ಚಾಗಿ ವಿದ್ಯಾರ್ಥಿಯೇ ತರುತ್ತಾರೆ. ಪ್ರಯೋಗಾಲಯದ ವಿಜ್ಞಾನಗಳಲ್ಲಿ ಅಲ್ಲಿರುವ ಉಪಕರಣ, ಮಾರ್ಗದರ್ಶಕರಿಗೆ ಬಂದಿರುವ ಯೋಜನೆಯ ಹಣ, ಹಿಂದಿನ ವಿದ್ಯಾರ್ಥಿಗಳು ಬಿಟ್ಟುಹೋದ ಮಾದರಿ ಮತ್ತು ವಿಧಾನಗಳು ವಿಷಯವನ್ನು ಅರ್ಧದಷ್ಟು ಮೊದಲೇ ತೀರ್ಮಾನಿಸಿರುತ್ತವೆ. ಒಬ್ಬ ಪ್ರಾಧ್ಯಾಪಕರು ಒಂದು ಕಾಲಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ವಿದ್ಯಾರ್ಥಿಗಳನ್ನು ಮಾತ್ರ ತೆಗೆದುಕೊಳ್ಳಬಹುದಾದ ಕಾರಣ ಜಾಗದ ಪ್ರಶ್ನೆಯೂ ಸೇರಿಕೊಳ್ಳುತ್ತದೆ. ಇದನ್ನು ಅನ್ಯಾಯವೆಂದು ತಿಳಿಯಬೇಡಿ. ಕೆಲಸ ಆರಂಭವಾದ ಮೇಲೆ ಹುಟ್ಟಿದ ಆಸಕ್ತಿಯೇ ಬಹುಪಾಲು ವಿಜ್ಞಾನಿಗಳನ್ನು ಕೊನೆಯವರೆಗೆ ನಡೆಸಿದೆ.

ರಾಗಿಯನ್ನು ನೀವು ಕಡೆಗಣಿಸಿದ್ದು ನನಗೆ ನೋವು ತಂದಿತು, ಅದಕ್ಕಾಗಿ ಇಲ್ಲಿ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ. ಈ ಒಂದು ಧಾನ್ಯದ ಮುಂದೆ ಎಷ್ಟು ವಿಭಾಗಗಳ ಸಂಶೋಧಕರು ಕುಳಿತಿದ್ದಾರೆಂದು ನೋಡಿ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ತಳಿವಿಜ್ಞಾನಿಗಳಿಗೆ ರಾಗಿಯ ಹೂವೇ ಮೊದಲ ತೊಡಕು: ಅದು ಅತಿ ಚಿಕ್ಕದು, ತನ್ನ ಪರಾಗದಿಂದ ತಾನೇ ಕಾಳು ಕಟ್ಟುತ್ತದೆ, ಆದ್ದರಿಂದ ಎರಡು ತಳಿಗಳನ್ನು ಕೂಡಿಸಬೇಕಾದರೆ ಬಿಸಿನೀರಿನ ಉಪಚಾರದಂಥ ಉಪಾಯಗಳಿಂದ ಅದರ ಪರಾಗವನ್ನು ನಿಷ್ಫಲಗೊಳಿಸಬೇಕು. ಅಂಥ ಕೆಲಸವನ್ನು ಜೀವನವಿಡೀ ಮಾಡಿ, ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟವರು ಅಲ್ಲಿದ್ದ ಲಕ್ಷ್ಮಣಯ್ಯನವರು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ಸಸ್ಯರೋಗಶಾಸ್ತ್ರದವರು ಅದೇ ಬೆಳೆಯಲ್ಲಿ ಬೆಂಕಿ ರೋಗ ತರುವ ಶಿಲೀಂಧ್ರವನ್ನು ನೋಡುತ್ತಾರೆ. ಬೆಳೆ ಕಟಾವಾಗಿ ಮೈಸೂರಿಗೆ ಬಂದರೆ, 1950ರಿಂದ ಚೆಲುವಾಂಬ ವಿಲಾಸದಲ್ಲಿ ಇರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ಎಂಜಿನಿಯರ್ ಮತ್ತು ಧಾನ್ಯ ತಂತ್ರಜ್ಞರಿಗೆ ಅದು ಬೇರೆಯೇ ಪ್ರಶ್ನೆ. ರಾಗಿಯ ಒಳಗಾಳು ಮೆದು, ಹೊರಸಿಪ್ಪೆ ಅದಕ್ಕೆ ಬಿಗಿಯಾಗಿ ಅಂಟಿದೆ, ಅಕ್ಕಿಯಂತೆ ಸಿಪ್ಪೆ ತೆಗೆಯಲು ಹೋದರೆ ಕಾಳು ಹಿಟ್ಟಾಗಿಬಿಡುತ್ತದೆ. ನೀರು ಮತ್ತು ಹಬೆಯಿಂದ ಸಂಸ್ಕರಿಸಿ ಒಳಗಾಳನ್ನು ಗಟ್ಟಿಮಾಡಿದ ಮೇಲೆ ಸಿಪ್ಪೆ ತೆಗೆಯುವ ವಿಧಾನವನ್ನು ಆ ಸಂಸ್ಥೆ ರೂಪಿಸಿತು.

ಇನ್ನು ನಿಮ್ಮ ಶಾಸ್ತ್ರಕ್ಕೆ ಬರುತ್ತೇನೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ, ಇದು ಅಕ್ಕಿ ಗೋಧಿಗಳಿಗಿಂತ ಎಷ್ಟೋ ಪಾಲು ಹೆಚ್ಚು. ಆದರೆ ಫೈಟಿಕ್ ಆಮ್ಲ ಮತ್ತು ಟ್ಯಾನಿನ್‌ಗಳು ಅದನ್ನು ಹಿಡಿದಿಟ್ಟುಕೊಳ್ಳುವುದರಿಂದ ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲ. ಮೊಳಕೆ ಬರಿಸಿದರೆ ಫೈಟೇಟ್ ಕಡಿಮೆಯಾಗುತ್ತದೆ. ಕೂಸಿಗೆ ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸಿ ಹುರಿದು ಸರಿ ಮಾಡಿ ತಿನ್ನಿಸುವ ನಮ್ಮ ಮನೆಗಳ ರೂಢಿಯಲ್ಲಿ ಈ ರಸಾಯನ ಕ್ರಿಯೆ ನಡೆಯುತ್ತಲೇ ಇತ್ತು. ಯಾವ ಕಿಣ್ವ ಎಷ್ಟು ಗಂಟೆಯಲ್ಲಿ ಯಾವ ಬಂಧವನ್ನು ಬಿಡಿಸುತ್ತದೆ, ಸಿಪ್ಪೆಯಲ್ಲಿರುವ ಪಾಲಿಫಿನಾಲ್‌ಗಳು ಪಿಷ್ಟದ ಜೀರ್ಣವನ್ನು ಹೇಗೆ ನಿಧಾನಗೊಳಿಸುತ್ತವೆ ಎಂಬುದನ್ನು ತಿಳಿಯಲು ನೀವು ಕಲಿಯುವ ವಿಧಾನಗಳು, ಅಂದರೆ ಅಣುಗಳನ್ನು ಬೇರ್ಪಡಿಸುವುದು, ಗುರುತಿಸುವುದು, ಜೀವಕೋಶಗಳ ಮೇಲೆ ಅವುಗಳ ಪರಿಣಾಮ ನೋಡುವುದು, ಔಷಧ ಸಂಶೋಧನೆಯಲ್ಲಿಯೂ ಬಹುಮಟ್ಟಿಗೆ ಅವೇ ಆಗಿರುತ್ತವೆ. ಡಾಕ್ಟರೇಟ್ ಮುಗಿದ ಮೇಲೆ ವಿಷಯ ಬದಲಿಸಿದವರು ಬಹಳ ಮಂದಿ. ಕಲಿತ ವಿಧಾನ ಜೊತೆಗೆ ಬರುತ್ತದೆ.

ಇದೇ ರಾಗಿಯ ಬಗ್ಗೆ ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯ ಇನ್ನೊಂದು ಕಟ್ಟಡದಲ್ಲಿ ಕನ್ನಡದ ವಿದ್ಯಾರ್ಥಿಯೊಬ್ಬರು, ಭತ್ತದೊಡನೆ ವಾದಕ್ಕೆ ನಿಂತು ಗೆಲ್ಲುವ ರಾಗಿಯನ್ನು ಕನಕದಾಸರು ಏಕೆ ಕಾವ್ಯಕ್ಕೆ ತಂದರು ಎಂದು ಕೇಳಬಹುದು. ಅರ್ಥಶಾಸ್ತ್ರದವರು 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ರೈತರ ಕೈಗೆ ಬಂದ ಬೆಲೆ ಏರಿತೇ ಎಂದು ಕೇಳಬಹುದು. ಇವರೆಲ್ಲ ಒಂದು ಸಂಜೆ ಒಟ್ಟಿಗೆ ಕೂತು ಮಾತನಾಡುವ ಏರ್ಪಾಡು ನಮ್ಮಲ್ಲಿ ಸಾಲದು ಎಂಬುದು ನನ್ನ ಬಹುದಿನಗಳ ಕೊರಗು.

ಆದರೂ ಒತ್ತಾಯದಿಂದ ಒಪ್ಪಬೇಡಿ. ಆ ಪ್ರಯೋಗಾಲಯದಿಂದ ಬಂದ ಕೆಲವು ಪ್ರಬಂಧಗಳನ್ನು ‘ಶೋಧಗಂಗಾ’ ಜಾಲತಾಣದಲ್ಲಿ ಹುಡುಕಿ ಓದಿ. ಅಲ್ಲಿರುವ ಹಿರಿಯ ವಿದ್ಯಾರ್ಥಿಗಳನ್ನು ಗೈಡ್ ಇಲ್ಲದ ಹೊತ್ತಿನಲ್ಲಿ ಕಂಡು ಮಾತನಾಡಿ. 2023ರ ಜನವರಿಯಿಂದ ಜೆಆರ್‌ಎಫ್ ಮೊತ್ತ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಹಿರಿಯ ಫೆಲೋಶಿಪ್ (ಎಸ್‌ಆರ್‌ಎಫ್) ಆದಾಗ 42,000 ರೂಪಾಯಿ. ಫೆಲೋಶಿಪ್ ಪತ್ರಕ್ಕೆ ಅವಧಿಯ ಮಿತಿಯಿದೆ, ಅದನ್ನು ನೋಡಿಕೊಂಡು ಕಾಯುವುದೋ ಸೇರುವುದೋ ತೀರ್ಮಾನಿಸಿ.

ಪ್ರಶ್ನೆ: ನಾನು ಬಿ.ಇ. ಓದಿ ಮೈಸೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಹಳಗನ್ನಡ ಮತ್ತು ಶಾಸನಗಳೆಂದರೆ ನನಗೆ ಪ್ರೀತಿ. ಕನ್ನಡದಲ್ಲಿ ಪಿಎಚ್.ಡಿ. ಮಾಡಲು ನನ್ನಂಥವಳಿಗೆ ದಾರಿಯಿದೆಯೇ?

ಉತ್ತರ: ದಾರಿಗಳು ಎರಡಿವೆ. 2022ರ ನಿಯಮದಂತೆ ನಾಲ್ಕು ವರ್ಷದ ಪದವಿಯಲ್ಲಿ ಶೇ 75 ಅಂಕ ಇದ್ದವರೂ ಪಿಎಚ್.ಡಿ.ಗೆ ಅರ್ಹರು, ಆದರೆ ಆ ಅರ್ಹತೆ ನಿಮ್ಮನ್ನು ಎಂಜಿನಿಯರಿಂಗ್ ವಿಭಾಗದ ಬಾಗಿಲಿಗೆ ಕರೆದೊಯ್ಯುತ್ತದೆಯೇ ಹೊರತು ಕನ್ನಡ ವಿಭಾಗದ ಬಾಗಿಲಿಗೆ ಅಲ್ಲ. ಕನ್ನಡದಲ್ಲಿಯೇ ಮಾಡಬೇಕೆಂದರೆ ಮೊದಲು ಕನ್ನಡ ಎಂ.ಎ. ಮಾಡಿಕೊಳ್ಳಿ. ಮೈಸೂರಿನಲ್ಲಿಯೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಇರುವುದರಿಂದ ಕೆಲಸ ಬಿಡದೆ ಎಂ.ಎ. ಓದಬಹುದು. ಎರಡನೆಯ ದಾರಿ, ಗಣಕವಿಜ್ಞಾನದಲ್ಲಿ ನೋಂದಾಯಿಸಿಕೊಂಡು ಕನ್ನಡದ ಸಾಮಗ್ರಿಯನ್ನು ಹಿಡಿಯುವುದು, ಕನ್ನಡ ಅಥವಾ ಭಾಷಾವಿಜ್ಞಾನದ ಅಧ್ಯಾಪಕರನ್ನು ಸಹ ಮಾರ್ಗದರ್ಶಕರನ್ನಾಗಿ ಕೇಳುವುದು. ಬೇರೆ ವಿಭಾಗದ ಸಹ ಮಾರ್ಗದರ್ಶಕರಿಗೆ ನಿಯಮದಲ್ಲಿ ಅವಕಾಶವಿದೆ.

ಮೈಸೂರಿನಷ್ಟು ಅನುಕೂಲ ನಿಮಗೆ ಬೇರೆಲ್ಲೂ ಸಿಗುವುದು ಕಷ್ಟ. 1891ರಲ್ಲಿ ಆರಂಭವಾದ ಪ್ರಾಚ್ಯ ವಿದ್ಯಾ ಸಂಶೋಧನಾಲಯದಲ್ಲಿ ತಾಳೆಗರಿಗಳಿವೆ, ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಪ್ರತಿಯನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ್ದು ಅಲ್ಲಿಯೇ. ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ಶಾಸನ ವಿಭಾಗದಲ್ಲಿ ಕಲ್ಲುಬರಹಗಳ ಪಡಿಯಚ್ಚುಗಳಿವೆ. 1969ರಲ್ಲಿ ಆರಂಭವಾದ ಭಾರತೀಯ ಭಾಷಾ ಸಂಸ್ಥಾನವಿದೆ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಭಾಷಾವಿಜ್ಞಾನ, ಮನೋವಿಜ್ಞಾನ, ಎಲೆಕ್ಟ್ರಾನಿಕ್ಸ್ ಮೂರೂ ಹಿನ್ನೆಲೆಯವರು ಕನ್ನಡದ ಮಕ್ಕಳ ಮಾತಿನ ತೊಂದರೆಗಳ ಮೇಲೆ ಒಟ್ಟಿಗೆ ಕೆಲಸ ಮಾಡುತ್ತಾರೆ.

ಒಂದು ಎಚ್ಚರಿಕೆ ಮಾತ್ರ ಬೇಕು. ಹಳಗನ್ನಡದ ಱ ಮತ್ತು ೞ ಅಕ್ಷರಗಳು ಯಾವ ಕಾಲದ ಶಾಸನದಲ್ಲಿ ಹೇಗೆ ಬರುತ್ತವೆ, ಪಕಾರ ಯಾವಾಗ ಹಕಾರವಾಯಿತು ಎಂಬುದು ತಿಳಿಯದೆ ಯಂತ್ರಕ್ಕೆ ಶಾಸನ ಓದುವುದನ್ನು ಕಲಿಸಿದರೆ, ಅದು ತಪ್ಪು ಓದಿದ್ದೂ ನಿಮಗೆ ತಿಳಿಯುವುದಿಲ್ಲ. ಆದ್ದರಿಂದ ಯಾವ ದಾರಿ ಹಿಡಿದರೂ ಶಾಸನದ ಪಾಠವನ್ನು ಗುರುಗಳ ಮುಂದೆ ಕೂತು ಓದಿ. ವಿಷಯ ಬದಲಿಸಿದವರು ತಡವಾದರೆಂದು ಅಂಜಬೇಡಿ: ಮೈಸೂರಿನ ಎ.ಕೆ. ರಾಮಾನುಜನ್ ಕಾಲೇಜಿನಲ್ಲಿ ವಿಜ್ಞಾನದಿಂದ ಆರಂಭಿಸಿ, ಇಂಗ್ಲಿಷ್ ಸಾಹಿತ್ಯಕ್ಕೆ ಬಂದು, ಅಧ್ಯಾಪಕರಾಗಿ, ಆಮೇಲೆ 1963ರಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಿಂದ ಭಾಷಾವಿಜ್ಞಾನದಲ್ಲಿ ಪಿಎಚ್.ಡಿ. ಪಡೆದರು, ಅದೂ ಕನ್ನಡದ ವ್ಯಾಕರಣದ ಮೇಲೆ.

ಪ್ರಶ್ನೆ: ಕೆ.ಆರ್. ಪೇಟೆಯ ನಾನು ಒಂದನೇ ತರಗತಿಯಿಂದ ಎಂ.ಎ.ವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದವನು. ಇತಿಹಾಸದಲ್ಲಿ ಪಿಎಚ್.ಡಿ. ಮಾಡಲು ಇಂಗ್ಲಿಷ್ ಇಲ್ಲದೆ ಆಗುವುದಿಲ್ಲವೇ?

ಉತ್ತರ: ಇತಿಹಾಸ, ಜಾನಪದದಂಥ ವಿಷಯಗಳಲ್ಲಿ ಕನ್ನಡದಲ್ಲಿ ಬರೆದ ಪ್ರಬಂಧಗಳಿಗೆ ನಮ್ಮಲ್ಲಿ ಡಾಕ್ಟರೇಟ್ ಸಿಕ್ಕಿದೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯವಂತೂ 1991ರಿಂದ ಅದಕ್ಕಾಗಿಯೇ ನಿಂತಿದೆ. ನೀವು ಸೇರುವ ವಿಭಾಗದಲ್ಲಿ ಅವಕಾಶವಿದೆಯೇ ಎಂದು ನೋಂದಣಿಗೆ ಮುಂಚೆಯೇ ಬರಹದಲ್ಲಿ ಕೇಳಿ ತಿಳಿದುಕೊಳ್ಳಿ. ಬರೆಯುವುದು ಕನ್ನಡದಲ್ಲಾದರೂ ಓದುವುದಕ್ಕೆ ಇಂಗ್ಲಿಷ್ ಬೇಕೇ ಬೇಕು. ಆ ಮಾತನ್ನು ನಿಮ್ಮಿಂದ ಮುಚ್ಚಿಟ್ಟರೆ ನಿಮಗೆ ದ್ರೋಹ ಮಾಡಿದಂತೆ. ಯುಜಿಸಿ ನೆಟ್‌ನಲ್ಲಿ ಇತಿಹಾಸದ ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತವೆ. 2024ರಿಂದ ಆ ಅಂಕಗಳನ್ನು ಪಿಎಚ್.ಡಿ. ಪ್ರವೇಶಕ್ಕೂ ಬಳಸುವ ಏರ್ಪಾಡು ಬಂದಿರುವುದರಿಂದ ಕನ್ನಡ ಮಾಧ್ಯಮದವರಿಗೆ ಹೊರೆ ಹೆಚ್ಚಿದೆ, ಇದನ್ನು ಸರಿಪಡಿಸಬೇಕೆಂದು ಕೇಳುವುದು ನ್ಯಾಯವಾದದ್ದೇ. ಅಲ್ಲಿಯವರೆಗೆ ನಿಮ್ಮ ವಿಷಯದ ಒಂದು ಒಳ್ಳೆಯ ಇಂಗ್ಲಿಷ್ ಗ್ರಂಥವನ್ನು ದಿನಕ್ಕೆ ಎರಡೇ ಪುಟದಂತೆ ಓದಿ, ಓದಿದ್ದನ್ನು ಕನ್ನಡದಲ್ಲಿ ಬರೆದಿಡಿ. ಶಾಸನ, ಕಡತ, ಕೈಫಿಯತ್ತುಗಳ ಕನ್ನಡ ನಿಮಗೆ ಸುಲಭವಾಗಿ ಒಲಿಯುತ್ತದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಬಂದ ಇತಿಹಾಸದ ವಿದ್ಯಾರ್ಥಿಗಳು ತಡವರಿಸುವುದನ್ನು ನಾನು ಹೆಚ್ಚಾಗಿ ಕಂಡಿರುವುದು ಅಲ್ಲಿಯೇ.

ಪ್ರಶ್ನೆ: ನಾನು ಮಳವಳ್ಳಿ ತಾಲ್ಲೂಕಿನ ರೇಷ್ಮೆ ಬೆಳೆಗಾರ. ಮಗ ಮಾನಸಗಂಗೋತ್ರಿಯಲ್ಲಿ ರೇಷ್ಮೆ ವಿಜ್ಞಾನದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾನೆ. ಮೂರು ವರ್ಷ ತುಂಬಿತು. ನಾನು ತಿಂಗಳೊಳಗೆ ಒಂದು ಬೆಳೆ ತೆಗೆಯುತ್ತೇನೆ, ಅವನು ಅದೇ ಹುಳುವನ್ನು ಇಷ್ಟು ವರ್ಷ ಏನು ನೋಡುತ್ತಾನೆ ಸ್ವಾಮಿ? ಯಾವಾಗ ಮುಗಿಯುತ್ತದೆ ಎಂದು ಕೇಳಿದರೆ ಮುಖ ತಿರುಗಿಸಿಕೊಳ್ಳುತ್ತಾನೆ.

ಉತ್ತರ: ನಿಮ್ಮ ಪ್ರಶ್ನೆ ಎಲ್ಲ ಸಂಶೋಧನಾ ವಿದ್ಯಾರ್ಥಿಗಳ ಮನೆಗಳಲ್ಲಿಯೂ ಇದೆ, ಕೇಳಿದ್ದು ಒಳ್ಳೆಯದಾಯಿತು. 2022ರ ನವೆಂಬರ್ ನಂತರ ಸೇರಿದವರಿಗೆ ಕೋರ್ಸ್‌ವರ್ಕ್ ಸೇರಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ ಕಾಲವಿದೆ; ಮರು ನೋಂದಣಿ ಮಾಡಿಸಿದರೆ ಇನ್ನೆರಡು ವರ್ಷ ಸಿಗುತ್ತದೆ. ಹೆಣ್ಣುಮಕ್ಕಳಿಗೂ ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೂ ಅದರ ಮೇಲೆ ಮತ್ತೆರಡು ವರ್ಷ ಉಂಟು, ಹೆಣ್ಣುಮಕ್ಕಳಿಗೆ ಹೆರಿಗೆ ಮತ್ತು ಮಕ್ಕಳ ಆರೈಕೆಗಾಗಿ 240 ದಿನಗಳವರೆಗೆ ರಜೆಯೂ ಉಂಟು. ಎಂದರೆ ಮೂರು ವರ್ಷಕ್ಕೆ ನಿಮ್ಮ ಮಗ ಹಿಂದೆ ಬಿದ್ದಿಲ್ಲ.

ಅವನು ಏನು ನೋಡುತ್ತಾನೆಂಬುದು ನಿಮಗೆ ಬೇರೆ ಯಾರಿಗಿಂತಲೂ ಬೇಗ ಅರ್ಥವಾಗುತ್ತದೆ. ಬೇಸಿಗೆಯಲ್ಲಿ ಮನೆಯ ಕಾವು ಏರಿದರೆ ದ್ವಿತಳಿ ಹುಳು ಸೊರಗುತ್ತದೆ, ಸಪ್ಪೆ ರೋಗ ಬೇಗ ತಗಲುತ್ತದೆ. ಚಳಿಯಲ್ಲಿ ಸುಣ್ಣಕಟ್ಟು ರೋಗದ ಭಯ. ನೀವು ಒಂದು ಬೆಳೆ ಚೆನ್ನಾಗಿ ಬಂದರೆ ಹುಳು ಗೂಡು ಕಟ್ಟುವ ಚಂದ್ರಿಕೆಯಿಂದ ಗೂಡು ಬಿಡಿಸಿ ಮಾರುಕಟ್ಟೆಗೆ ಹೋಗುತ್ತೀರಿ. ಅವನು ಆ ಬೆಳೆ ಏಕೆ ಚೆನ್ನಾಗಿ ಬಂತು ಎಂದು ತೋರಿಸಬೇಕು: ಸೊಪ್ಪಿನಿಂದಲೋ, ತಳಿಯಿಂದಲೋ, ಹವೆಯಿಂದಲೋ, ತಾನು ಕೊಟ್ಟ ಉಪಚಾರದಿಂದಲೋ. ಅದಕ್ಕಾಗಿ ಉಪಚಾರ ಕೊಟ್ಟ ಹುಳು ಮತ್ತು ಕೊಡದ ಹುಳುಗಳನ್ನು ಒಂದೇ ಮನೆಯಲ್ಲಿ ಬೇರೆ ಬೇರೆ ತಟ್ಟೆಗಳಲ್ಲಿ ಸಾಕಿ, ಬೇಸಿಗೆ, ಮಳೆ, ಚಳಿ ಮೂರು ಕಾಲದಲ್ಲಿಯೂ ಮಾಡಿ, ಮುಂದಿನ ವರ್ಷ ಮತ್ತೆ ಮಾಡಿ, ಅದೇ ಫಲ ಬಂತೆಂದು ತೋರಿಸಿದರೆ ಮಾತ್ರ ಪರೀಕ್ಷಕರು ಒಪ್ಪುತ್ತಾರೆ. ಒಂದು ಕಾಲದಲ್ಲಿ ಹಾಲು ರೋಗ ಬಂದು ಹುಳು ಸತ್ತರೆ ಆ ಕಾಲ ಮತ್ತೆ ಬರಲು ಒಂದು ವರ್ಷ ಕಾಯಬೇಕು. ವರ್ಷಕ್ಕೊಂದೇ ಬೆಳೆ ಬರುವ ಮಳೆಯಾಶ್ರಯದ ರಾಗಿಯ ಮೇಲೆ ಕೆಲಸ ಮಾಡುವವರಿಗೆ ಈ ಕಷ್ಟ ಇನ್ನೂ ಹೆಚ್ಚು. ಹೊಲವನ್ನೇ ನೋಡದ ಗಣಿತದ ವಿದ್ಯಾರ್ಥಿಗೂ ಒಂದು ಪ್ರಮೇಯ ತಿಂಗಳುಗಟ್ಟಲೆ ಬಿಡಿಸದೆ ನಿಲ್ಲುವುದುಂಟು, ಆದರೆ ಅವರಿಗೆ ಋತುವಿನ ಕಾಟವಿಲ್ಲ.

ನೀವು ಬೆಳೆಯುವ ದ್ವಿತಳಿಗಳೂ, ವಿ-1 ಹಿಪ್ಪುನೇರಳೆಯೂ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ಇದೇ ಬಗೆಯ ತಾಳ್ಮೆಯ ಕೆಲಸದಿಂದ ಹೊರಬಂದವು. ನಿಮ್ಮ ಸೊಪ್ಪಿನ ತೋಟದಲ್ಲಿ ವಿ-1 ಇದ್ದರೆ ನಿಮ್ಮ ಮನೆಯ ಸಂಪಾದನೆಯಲ್ಲಿಯೇ ಅಂಥ ಸಂಶೋಧನೆಯ ಪಾಲಿದೆ.

ಯಾವಾಗ ಮುಗಿಯುತ್ತದೆ ಎಂದು ಕೇಳುವ ಬದಲು ಯಾವ ಕಾಲದ ಬೆಳೆ ಬಾಕಿಯಿದೆ, ಯಾವ ರೋಗ ಕಾಡಿತು ಎಂದು ಕೇಳಿ ನೋಡಿ. ಅದಕ್ಕೆ ಅವನು ಉತ್ತರ ಕೊಡುತ್ತಾನೆ. ಪ್ರಯೋಗಾಲಯದಲ್ಲಿ ಸರಿ ಬಂದದ್ದು ರೈತರ ಹುಳುಮನೆಯಲ್ಲಿಯೂ ಸರಿ ಬರುತ್ತದೆಯೇ ಎಂದು ನೋಡುವ ಹಂತ ಅವನ ಕೆಲಸದಲ್ಲಿದ್ದರೆ, ನಿಮ್ಮ ಮನೆಯಲ್ಲಿ ಒಂದು ಬೆಳೆಗೆ ಜಾಗ ಕೊಡಲು ಸಾಧ್ಯವೇ ಎಂದು ಅವನ ಗೈಡ್ ಬಳಿ ಮಾತನಾಡಿ. ಪ್ರಬಂಧ ಸಲ್ಲಿಸಿದ ಮೇಲೆ ಹೊರಗಿನ ಪರೀಕ್ಷಕರು ಓದಿ, ಮೌಖಿಕ ಪರೀಕ್ಷೆ ನಡೆದು ಎಲ್ಲವೂ ಆರು ತಿಂಗಳೊಳಗೆ ಮುಗಿಯಬೇಕೆಂದು ನಿಯಮವಿದೆ. ಆ ಮೌಖಿಕ ಪರೀಕ್ಷೆಗೆ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳು ಬರಬಹುದು, ನಮ್ಮ ಕಡೆ ತಂದೆತಾಯಿಯರೂ ಬಂದು ಕೂರುವ ರೂಢಿಯಿದೆ. ದಿನಾಂಕ ಗೊತ್ತಾದ ಕೂಡಲೇ ತಿಳಿಸಬೇಕೆಂದು ಮಗನಿಗೆ ಈಗಲೇ ಹೇಳಿಡಿ.